ಗಾಳದ ಸಾಮಗ್ರಿ ಕಂಪನಿಗಳ ಪ್ರಾಯೋಜಕತ್ವ: ಕೇಳುವ ಮೊದಲು, ಸಹಿ ಹಾಕುವ ಮೊದಲು

ಫಿನ್ಲೆಂಡಿನ ಲೌರಿ ರಪಾಲ ಅವರು 1936ರಲ್ಲಿ ಕಾರ್ಕ್ ತುಂಡೊಂದನ್ನು ಕೆತ್ತಿ, ಚಾಕೊಲೇಟಿಗೆ ಸುತ್ತುವ ತಗಡಿನ ಹಾಳೆಯನ್ನು ಅದಕ್ಕೆ ಹೊದಿಸಿ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದು, ಗಾಯಗೊಂಡ ಪುಟ್ಟ ಮೀನಿನಂತೆ ನೀರಿನಲ್ಲಿ ಓಲಾಡುವ ಒಂದು ಕೃತಕ ಎರೆಯನ್ನು ಮಾಡಿದರು. 1962ರ ಆಗಸ್ಟ್‌ನಲ್ಲಿ ಅಮೆರಿಕದ ಲೈಫ್ ಪತ್ರಿಕೆ ಆ ಎರೆಯ ಬಗ್ಗೆ ಲೇಖನ ಪ್ರಕಟಿಸಿತು. ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಅವರ ಚಿತ್ರ ಅದೇ ಸಂಚಿಕೆಯ ಮುಖಪುಟದಲ್ಲಿದ್ದುದರಿಂದ ಪತ್ರಿಕೆ ಎಣಿಕೆಗೂ ಮೀರಿ ಓದುಗರ ಕೈಸೇರಿತು, ರಪಾಲ ಕುಟುಂಬಕ್ಕೆ ಪೂರೈಸಲಾಗದಷ್ಟು ಬೇಡಿಕೆ ಬಂದಿತು. ಎರೆ ಚೆನ್ನಾಗಿತ್ತೆಂಬುದು ನಿಜ. ಆದರೆ ಅದನ್ನು ಕೊಂಡವರಲ್ಲಿ ಬಹುಪಾಲು ಜನರು ಅದು ನೀರಿನಲ್ಲಿ ಓಲಾಡುವುದನ್ನು ಕಂಡವರಲ್ಲ, ಕಂಡವರು ಹೇಳಿದ್ದನ್ನು ಓದಿದವರು.

ಗಾಳದ ಸಾಮಗ್ರಿಯ ವ್ಯಾಪಾರ ಇಂದಿಗೂ ಹೀಗೆಯೇ ನಡೆಯುತ್ತದೆ. ಅಂಗಡಿಯಲ್ಲಿ ಕೋಲನ್ನು ಬಗ್ಗಿಸಿ ನೋಡಬಹುದು, ರೀಲಿನ ಹಿಡಿಯನ್ನು ತಿರುಗಿಸಬಹುದು. ಆದರೆ ಎರಡು ಮಳೆಗಾಲ ಕಳೆದ ಮೇಲೆ ಆ ರೀಲಿನ ಬೇರಿಂಗ್ ಉಪ್ಪು ಹಿಡಿದು ಕಿರುಗುಡುತ್ತದೆಯೇ, ಬಂಡೆಗೆ ಉಜ್ಜಿದ ದಾರ ದೊಡ್ಡ ಮೀನಿನ ಎಳೆತಕ್ಕೆ ತಡೆಯುತ್ತದೆಯೇ ಎಂಬುದು ಬಳಸಿದವರಿಗಷ್ಟೇ ಗೊತ್ತು. ಆ ಬಳಸಿದವರ ಮಾತನ್ನೇ ಕಂಪನಿಗಳು ಈಗ ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ಗಳಲ್ಲಿ ಹುಡುಕುತ್ತಿವೆ. ಗಾಳ ಹಾಕುವ ವಿಡಿಯೊಗಳನ್ನು ಮಾಡುತ್ತಾ ಒಂದಿಷ್ಟು ವೀಕ್ಷಕರನ್ನು ಗಳಿಸಿರುವ, ಮುಂದೆ ಯಾವುದಾದರೂ ಕಂಪನಿಯ ಪ್ರಾಯೋಜಕತ್ವ ಪಡೆಯಬೇಕೆಂದಿರುವ ಓದುಗರಿಗಾಗಿ ಈ ಬರಹ. ರೀಲ್ ಎಂಬ ಪದಕ್ಕೆ ಈ ಕ್ಷೇತ್ರದಲ್ಲಿ ಮೂರು ಅರ್ಥಗಳಿವೆ: ದಾರ ಸುತ್ತುವ ಯಂತ್ರ, ಇನ್‌ಸ್ಟಾಗ್ರಾಂನ ಕಿರು ವಿಡಿಯೊ, ಮತ್ತು ನಮ್ಮಲ್ಲಿ ರೂಢಿಯಲ್ಲಿರುವ ‘ರೀಲು ಬಿಡುವುದು’. ಮೊದಲನೆಯದನ್ನು ಎರಡನೆಯದರಲ್ಲಿ ತೋರಿಸುವಾಗ ಮೂರನೆಯದು ನುಸುಳದಂತೆ ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸವೆಂದು ನನ್ನ ಅಭಿಪ್ರಾಯ, ಏಕೆಂದರೆ ಕಂಪನಿ ಹಣ ಕೊಡುವುದು ನಿಮ್ಮ ಮಾತಿಗೆ ಇರುವ ಬೆಲೆಗೆ.

ಯಾವ ಬಗೆಯ ಸಂಬಂಧ

‘ಸ್ಪಾನ್ಸರ್’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ವ್ಯವಹಾರಗಳು ನಡೆಯುವುದರಿಂದ, ನಿಮ್ಮ ಮುಂದಿರುವುದು ಯಾವುದೆಂದು ಮೊದಲು ಗುರುತಿಸಿಕೊಳ್ಳಬೇಕು. ಅತ್ಯಂತ ಸಾಮಾನ್ಯವಾದದ್ದು ‘ಪ್ರೊ ಸ್ಟಾಫ್’ ಎಂಬ ವ್ಯವಸ್ಥೆ. ಹೆಸರಿನಲ್ಲಿ ವೃತ್ತಿಪರತೆ ಮತ್ತು ನೌಕರಿ ಎರಡೂ ಇದ್ದರೂ ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ಎರಡೂ ಇರುವುದಿಲ್ಲ: ಕಂಪನಿ ತನ್ನ ವಸ್ತುಗಳನ್ನು ನಿಮಗೆ ರಿಯಾಯಿತಿ ದರದಲ್ಲಿ ಮಾರುತ್ತದೆ, ಪ್ರತಿಯಾಗಿ ನೀವು ತಿಂಗಳಿಗೆ ಇಂತಿಷ್ಟು ಪೋಸ್ಟ್ ಹಾಕಬೇಕೆಂದು, ಅದರ ಲಾಂಛನದ ಅಂಗಿ ತೊಡಬೇಕೆಂದು ಕೇಳುತ್ತದೆ. ಆ ಅಂಗಿಯನ್ನೂ ನೀವೇ ಕೊಳ್ಳಬೇಕಾದ ಸಂದರ್ಭಗಳಿವೆ. ಇದನ್ನು ಪ್ರಾಯೋಜಕತ್ವವೆನ್ನುವುದಕ್ಕಿಂತ ಸಗಟು ಗಿರಾಕಿತನವೆನ್ನುವುದು ಸರಿ. ನೀವು ಹೇಗೂ ಕೊಳ್ಳುವ ವಸ್ತುವಾಗಿದ್ದರೆ ರಿಯಾಯಿತಿಯಿಂದ ಲಾಭವುಂಟು. ರಿಯಾಯಿತಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬೇಡದ ಸಾಮಾನು ಕೊಳ್ಳುವಂತಾದರೆ ನಷ್ಟವೇ.

ಎರಡನೆಯದು ಉಚಿತವಾಗಿ ವಸ್ತು ಕಳುಹಿಸಿ ಅನಿಸಿಕೆ ಕೇಳುವುದು. ಮೂರನೆಯದು ಅಫಿಲಿಯೇಟ್ ವ್ಯವಸ್ಥೆ, ಅಂದರೆ ನಿಮ್ಮ ಕೊಂಡಿಯ ಮೂಲಕ ಅಥವಾ ನಿಮ್ಮ ಹೆಸರಿನ ಕೂಪನ್ ಕೋಡ್ ಬಳಸಿ ಯಾರಾದರೂ ಕೊಂಡರೆ ಮಾರಾಟದ ಒಂದು ಪಾಲು ನಿಮಗೆ ಬರುವುದು. ನಾಲ್ಕನೆಯದು ನಿಗದಿತ ಹಣಕ್ಕೆ ನಿಗದಿತ ವಿಡಿಯೊ. ವರ್ಷದ ಲೆಕ್ಕದಲ್ಲಿ ರಾಯಭಾರಿಯಾಗುವುದು, ಕಂಪನಿಯೊಂದಿಗೆ ಸೇರಿ ನಿಮ್ಮ ಹೆಸರಿನದೇ ಎರೆ ಅಥವಾ ಕೋಲನ್ನು ರೂಪಿಸಿ ಪ್ರತಿ ಮಾರಾಟಕ್ಕೆ ಗೌರವಧನ ಪಡೆಯುವುದು ಇವೆಲ್ಲ ಮುಂದಿನ ಮೆಟ್ಟಿಲುಗಳು. ಅಮೆರಿಕದ ಗೂಗನ್ ಸ್ಕ್ವಾಡ್ ಎಂಬ ಯೂಟ್ಯೂಬರ್‌ಗಳ ಗುಂಪು ಬೇರೆಯವರ ಎರೆಗಳನ್ನು ತೋರಿಸುವುದರಿಂದ ಮುಂದೆ ಹೋಗಿ ತನ್ನದೇ ಹೆಸರಿನ ಎರೆಗಳನ್ನು ಮಾರುಕಟ್ಟೆಗೆ ತಂದದ್ದು ಈ ದಾರಿ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಉದಾಹರಣೆ. ಆರಂಭದಲ್ಲಿರುವವರಿಗೆ ಅಫಿಲಿಯೇಟ್ ವ್ಯವಸ್ಥೆಯೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಬರುವ ಹಣ ಅಲ್ಪವೇ ಆದರೂ, ನಿಮ್ಮ ಮಾತು ಕೇಳಿ ಎಷ್ಟು ಜನ ನಿಜವಾಗಿ ಕೊಳ್ಳುತ್ತಾರೆಂಬ ಲೆಕ್ಕ ನಿಮ್ಮ ಕೈಗೆ ಸಿಗುತ್ತದೆ, ಮತ್ತು ಮುಂದಿನ ಮಾತುಕತೆಯಲ್ಲಿ ಆ ಲೆಕ್ಕಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ.

ಕೇಳುವ ಮೊದಲಿನ ಸಿದ್ಧತೆ

ಅನುಯಾಯಿಗಳ ಸಂಖ್ಯೆಯನ್ನು ಕಂಪನಿಗಳು ನೋಡುತ್ತವೆಯಾದರೂ ಅಲ್ಲಿಗೇ ನಿಲ್ಲುವುದಿಲ್ಲ. ದೈತ್ಯ ಮೀನು ನೀರಿನಿಂದ ಚಿಮ್ಮುವ ಹತ್ತು ಸೆಕೆಂಡಿನ ದೃಶ್ಯವನ್ನು ಲಕ್ಷಾಂತರ ಜನ ನೋಡಬಹುದು, ಆದರೆ ಅವರಲ್ಲಿ ಬಹುತೇಕರು ಜೀವಮಾನದಲ್ಲಿ ಗಾಳ ಮುಟ್ಟದವರು. ‘ಈ ಗಂಟನ್ನು ಹೆಣೆದ ದಾರಕ್ಕೂ ಹಾಕಬಹುದೇ?’, ‘ಇಷ್ಟು ಆಳದಲ್ಲಿ ಎಷ್ಟು ತೂಕದ ಸೀಸ ಕಟ್ಟಿದಿರಿ?’ ಎಂದು ಕೇಳುವ ನಲವತ್ತು ಪ್ರತಿಕ್ರಿಯೆಗಳಿರುವ ಸಣ್ಣ ವಿಡಿಯೊ ಕಂಪನಿಯ ಪಾಲಿಗೆ ಅದಕ್ಕಿಂತ ಬೆಲೆಯುಳ್ಳದ್ದು. ಆದುದರಿಂದ ಇಂಥ ಪ್ರಶ್ನೆಗಳನ್ನು ಸಂಗ್ರಹಿಸಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಉತ್ತರಿಸಿ.

ನಿಮ್ಮ ಪರಿಚಯಕ್ಕೆ ಒಂದೇ ಒಂದು ಪುಟ ಸಾಕು. ನೀವು ಯಾವ ಬಗೆಯ ನೀರಿನಲ್ಲಿ, ಯಾವ ಜಾತಿಯ ಮೀನಿಗೆ, ಯಾವ ವಿಧಾನದಲ್ಲಿ ಗಾಳ ಹಾಕುತ್ತೀರಿ, ವೀಕ್ಷಕರು ಯಾವ ದೇಶ ಮತ್ತು ವಯಸ್ಸಿನವರು, ಕಳೆದ ಮೂರು ತಿಂಗಳ ವಿಡಿಯೊಗಳನ್ನು ಸರಾಸರಿ ಎಷ್ಟು ಜನ ಎಷ್ಟು ಹೊತ್ತು ನೋಡಿದ್ದಾರೆ ಎಂಬ ವಿವರಗಳು ಅದರಲ್ಲಿರಲಿ. ಅತಿ ಹೆಚ್ಚು ಓಡಿದ ಒಂದು ವಿಡಿಯೊದ ಅಂಕಿಯನ್ನು ಮುಂದಿಟ್ಟು ಉಳಿದವನ್ನು ಮುಚ್ಚಿಡುವುದು ಬುದ್ಧಿವಂತಿಕೆಯಲ್ಲ, ಏಕೆಂದರೆ ನಿಮ್ಮ ಪುಟವನ್ನು ತೆರೆದು ನೋಡಲು ಅವರಿಗೆ ಎರಡು ನಿಮಿಷ ಸಾಕು. ಹಣ ಕೊಟ್ಟು ಅನುಯಾಯಿಗಳನ್ನು ಕೊಂಡವರೂ ಹೀಗೆಯೇ ಸಿಕ್ಕಿಬೀಳುತ್ತಾರೆ: ಸಿಹಿನೀರಿನ ಒಂದೇ ಜಾತಿಯ ಮೀನಿನ ಬಗ್ಗೆ ಮಾತನಾಡುವ ಖಾತೆಗೆ, ಆ ಮೀನೇ ಇಲ್ಲದ ದೇಶಗಳಿಂದ ಸಾವಿರಾರು ಅನುಯಾಯಿಗಳು ಏಕೆ ಬಂದರೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಯಾರನ್ನು ಕೇಳಬೇಕೆಂಬುದಕ್ಕೆ ನಿಮ್ಮ ಸಾಮಾನಿನ ಪೆಟ್ಟಿಗೆಯನ್ನು ತೆರೆದು ನೋಡುವುದೇ ಸರಿಯಾದ ಕ್ರಮ. ವರ್ಷಗಳಿಂದ ಸ್ವಂತ ಹಣದಲ್ಲಿ ಕೊಂಡು ಬಳಸುತ್ತಿರುವ ವಸ್ತು ಯಾವುದೋ ಅದರ ತಯಾರಕರಿಗೆ ಮೊದಲು ಬರೆಯಿರಿ. ಶಿಮಾನೊ, ಡೈವಾದಂಥ ದೊಡ್ಡ ಹೆಸರುಗಳ ಬಾಗಿಲಲ್ಲಿ ಸಾಲು ಉದ್ದವಿರುತ್ತದೆ; ಕೈಯಿಂದ ಎರೆ ಮಾಡುವ, ಕೊಕ್ಕೆ ಅಥವಾ ದಾರವೊಂದನ್ನೇ ತಯಾರಿಸುವ ಸಣ್ಣ ಸಂಸ್ಥೆಗಳಲ್ಲಿ ನಿಮ್ಮ ಪತ್ರವನ್ನು ಮಾಲೀಕರೇ ಓದುವ ಸಾಧ್ಯತೆಯಿದೆ. ಸಮಯವೂ ಮುಖ್ಯ. ಹೊಸ ಸಾಮಗ್ರಿಗಳು ದೊಡ್ಡ ವ್ಯಾಪಾರ ಮೇಳಗಳ ಸುತ್ತ ಬಿಡುಗಡೆಯಾಗುತ್ತವೆ: ಅಮೆರಿಕದ ಐಕ್ಯಾಸ್ಟ್ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಆರ್ಲ್ಯಾಂಡೊದಲ್ಲಿಯೂ, ಜಪಾನಿನ ಪ್ರದರ್ಶನ ಜನವರಿಯಲ್ಲಿ ಯೊಕೊಹಾಮಾದಲ್ಲಿಯೂ ನಡೆಯುತ್ತವೆ. ಮೇಳದ ವಾರದಲ್ಲಿ ಬರೆದ ಪತ್ರಕ್ಕೆ ಉತ್ತರ ನಿರೀಕ್ಷಿಸಬೇಡಿ. ಮುಂದಿನ ವರ್ಷದ ಪ್ರಚಾರದ ಹಣ ಹಂಚಿಕೆಯಾಗುವ ಮೊದಲು, ಮೇಳಕ್ಕೆ ಕೆಲವು ತಿಂಗಳ ಮುಂಚೆಯೇ ಬರೆಯಿರಿ.

ಪತ್ರದಲ್ಲಿ ‘ನನಗೆ ಸ್ಪಾನ್ಸರ್ ಮಾಡಿ’ ಎಂದು ಕೇಳುವ ಬದಲು ಏನು ಮಾಡಿಕೊಡುವಿರೆಂಬುದನ್ನು ಹೇಳಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ನಿಮ್ಮ ಹೆಣೆದ ದಾರವನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಅದು ಬೇಗ ಬಣ್ಣಗೆಡುತ್ತದೆಂದು ನನ್ನ ವೀಕ್ಷಕರು ಪದೇಪದೇ ಹೇಳುತ್ತಾರೆ; ಬಣ್ಣಗೆಟ್ಟ ಮೇಲೂ ಅದರ ಬಲ ಉಳಿಯುತ್ತದೆಯೇ ಎಂಬುದನ್ನು ತಕ್ಕಡಿಯಲ್ಲಿ ತೂಗಿ ತೋರಿಸುವ ಒಂದು ದೀರ್ಘ ವಿಡಿಯೊ ಮತ್ತು ಮೂರು ಕಿರು ವಿಡಿಯೊಗಳನ್ನು ಮಾಡಲು ಯೋಚಿಸಿದ್ದೇನೆ. ಫಲಿತಾಂಶ ಏನೇ ಬಂದರೂ ಅದನ್ನು ಇದ್ದಂತೆಯೇ ಹೇಳುತ್ತೇನೆ.’ ಈ ಕೊನೆಯ ವಾಕ್ಯವನ್ನು ಓದಿ ಹಿಂದೆ ಸರಿಯುವ ಕಂಪನಿ ಇದ್ದರೆ ಅದು ಈಗಲೇ ಸರಿದದ್ದು ಒಳ್ಳೆಯದೇ.

ದರ ಮತ್ತು ಒಪ್ಪಂದ

ದರ ನಿಗದಿಮಾಡುವಾಗ ವೀಕ್ಷಣೆಯ ಲೆಕ್ಕವೊಂದನ್ನೇ ಹಿಡಿದರೆ ಗಾಳ ಹಾಕುವವರಿಗೆ ನಷ್ಟವಾಗುತ್ತದೆ. ಅಡುಗೆಯ ಅಥವಾ ಮೊಬೈಲ್ ಫೋನಿನ ವಿಡಿಯೊವನ್ನು ಮಾಡುವವರು ಬೆಳಿಗ್ಗೆ ಶುರುಮಾಡಿ ಸಂಜೆಗೆ ಮುಗಿಸಬಲ್ಲರು. ಇಲ್ಲಿ ಮೂರು ದಿನ ದಡದಲ್ಲಿ ಕುಳಿತರೂ ಮೀನು ಕಚ್ಚದಿರಬಹುದು. ಪ್ರಯಾಣ, ದೋಣಿಯ ಬಾಡಿಗೆ, ಪರವಾನಗಿ ಶುಲ್ಕ, ಚಿತ್ರೀಕರಣದ ದಿನಗಳು, ಸಂಕಲನದ ಗಂಟೆಗಳು ಇವನ್ನೆಲ್ಲ ಬರೆದು ಕೂಡಿಸಿ, ನಿಮ್ಮ ಕನಿಷ್ಠ ದರವನ್ನು ಮೊದಲು ನಿಮಗೆ ನೀವೇ ಗೊತ್ತುಮಾಡಿಕೊಳ್ಳಿ. ವೀಕ್ಷಕರ ಬಳಿ ತಲುಪಿಸುವುದರ ಬೆಲೆಯನ್ನು ಅದರ ಮೇಲೆ ಸೇರಿಸಬೇಕು.

ಇದೇ ಕಾರಣಕ್ಕೆ ಒಪ್ಪಂದದಲ್ಲಿ ನೀವು ಮಾತು ಕೊಡಬೇಕಾದದ್ದು ವಿಡಿಯೊವನ್ನೇ ಹೊರತು ಮೀನನ್ನಲ್ಲ. ‘ಇಂಥ ಎರೆಯಿಂದ ಇಂತಿಷ್ಟು ತೂಕದ ಮೀನು ಹಿಡಿಯುವ ದೃಶ್ಯ’ ಎಂದು ಬರೆದಿರುವ ಕರಾರಿಗೆ ಸಹಿ ಹಾಕಿದವರು ಕೊನೆಯ ದಿನ ಹತ್ತಿರ ಬಂದಂತೆ ಬೇರೆ ಎರೆಯಿಂದ ಹಿಡಿದ ಮೀನಿನ ಬಾಯಿಗೆ ಈ ಎರೆಯನ್ನು ಸಿಕ್ಕಿಸುವ ಆಸೆಗೆ ಬೀಳುತ್ತಾರೆ. ಹವಾಮಾನ ಕೆಟ್ಟರೆ, ಪ್ರವಾಹ ಬಂದರೆ, ಮೀನುಗಳು ಮೊಟ್ಟೆಯಿಡುವ ಕಾಲದ ನಿಷೇಧ ಜಾರಿಯಾದರೆ ಗಡುವು ಮುಂದಕ್ಕೆ ಹೋಗುತ್ತದೆಂಬ ವಾಕ್ಯವೂ ಇರಬೇಕು.

ಬೇರೆ ಕಂಪನಿಗಳ ವಸ್ತು ಬಳಸಬಾರದೆಂಬ ಷರತ್ತನ್ನು ಬಹಳ ಎಚ್ಚರದಿಂದ ಓದಬೇಕು. ಕೋಲು, ರೀಲು, ದಾರ, ಕೊಕ್ಕೆ, ಎರೆ, ನೀರಿನಡಿಯ ಮೀನನ್ನು ಪತ್ತೆಹಚ್ಚುವ ಸೋನಾರ್, ದೋಣಿ, ಬಟ್ಟೆ, ಕನ್ನಡಕ ಇವೆಲ್ಲ ಬೇರೆಬೇರೆ ವಿಭಾಗಗಳು. ‘ಗಾಳದ ಸಾಮಗ್ರಿ’ ಎಂದು ಒಟ್ಟಾಗಿ ಬರೆದು ಸಹಿ ಪಡೆದರೆ, ಎರೆ ಮಾತ್ರ ಕೊಡುವ ಕಂಪನಿಗಾಗಿ ನೀವು ಉಳಿದ ಅಷ್ಟೂ ಬಾಗಿಲುಗಳನ್ನು ಮುಚ್ಚಿಕೊಂಡಂತಾಗುತ್ತದೆ. ವಿಭಾಗವನ್ನು ಹೆಸರಿಸಿ, ಅವಧಿಯನ್ನು ತಿಂಗಳುಗಳಲ್ಲಿ ಬರೆಸಿ, ಹಳೆಯ ವಿಡಿಯೊಗಳಲ್ಲಿ ಕಾಣಿಸುವ ಬೇರೆ ಕಂಪನಿಗಳ ವಸ್ತುಗಳಿಗೆ ಈ ಷರತ್ತು ಅನ್ವಯಿಸದೆಂದು ಸೇರಿಸಿ. ಬಾಯಿ ಕಟ್ಟಿಸುವ ಷರತ್ತಿಗೆ ಪ್ರತ್ಯೇಕ ಹಣ ಕೇಳುವುದು ದುರಾಸೆಯಲ್ಲ.

ಇನ್ನು ಬಳಕೆಯ ಹಕ್ಕು. ನಿಮ್ಮ ವಿಡಿಯೊವನ್ನು ಕಂಪನಿ ತನ್ನ ಪುಟದಲ್ಲಿ ಹಂಚಿಕೊಳ್ಳುವುದು ಒಂದು, ಅದನ್ನು ಕತ್ತರಿಸಿ ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದು ಇನ್ನೊಂದು, ನಿಮ್ಮ ಖಾತೆಯ ಹೆಸರಿನಲ್ಲಿಯೇ ಜಾಹೀರಾತು ಹಾಕುವುದು ಮಗದೊಂದು. ಮೂರಕ್ಕೂ ದರ ಬೇರೆ, ಅವಧಿ ಬೇರೆ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಒಪ್ಪಂದದಲ್ಲಿ ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ’ ಎಂಬ ಪದಗಳನ್ನು ಓದಿಯೂ ಓದದಂತೆ ಸಹಿ ಮಾಡಿದ್ದೆ. ಎರಡು ವರ್ಷಗಳ ನಂತರ ಆ ಸಂಸ್ಥೆ ಅದೇ ಹೆಸರಿನಲ್ಲಿ ಅಗ್ಗದ ದಾರವನ್ನು ತಯಾರಿಸಲು ತೊಡಗಿತು, ಹಳೆಯ ದಾರವನ್ನು ಹೊಗಳಿದ ನನ್ನ ದನಿ ಹೊಸ ದಾರದ ಜಾಹೀರಾತಿನಲ್ಲಿ ಕೇಳಿಬಂದಿತು. ‘ನೀವು ಹೇಳಿದ ದಾರ ತುಂಡಾಯಿತು’ ಎಂದು ಬರೆದವರಿಗೆ ನಾನು ಕೊಟ್ಟ ವಿವರಣೆಯನ್ನು ನಂಬಿದವರು ಕಡಿಮೆ. ಈಗ ವಸ್ತುವಿನ ಮಾದರಿ ಸಂಖ್ಯೆಯನ್ನು ಒಪ್ಪಂದದಲ್ಲಿಯೇ ಬರೆಸುತ್ತೇನೆ; ಮಾದರಿ ಬದಲಾದರೆ ಬಳಕೆಯ ಹಕ್ಕು ಅಲ್ಲಿಗೆ ಮುಗಿಯುತ್ತದೆ.

ಪ್ರಕಟಣೆಗೆ ಮೊದಲು ವಿಡಿಯೊ ನೋಡಲು ಕಂಪನಿ ಕೇಳಿದರೆ ಒಪ್ಪಬಹುದು, ಆದರೆ ತಿದ್ದುಪಡಿ ಮಾಹಿತಿಯ ತಪ್ಪುಗಳಿಗೆ ಸೀಮಿತವೆಂದೂ ಒಂದೋ ಎರಡೋ ಸುತ್ತಿಗೆ ಮುಗಿಯಬೇಕೆಂದೂ ಬರೆದಿರಲಿ. ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ. ವಸ್ತುರೂಪದಲ್ಲಿ ಬಂದದ್ದಕ್ಕೂ ಅನೇಕ ದೇಶಗಳಲ್ಲಿ ತೆರಿಗೆಯುಂಟು. ಭಾರತದಲ್ಲಿ 2022ರ ಜುಲೈನಿಂದ, ಪ್ರಚಾರಕ್ಕಾಗಿ ಪಡೆದು ಹಿಂದಿರುಗಿಸದೆ ಇಟ್ಟುಕೊಂಡ ವಸ್ತುವನ್ನು ತೆರಿಗೆ ಕಡಿತಕ್ಕೆ ಒಳಪಡುವ ಪ್ರಯೋಜನವೆಂದೇ ಪರಿಗಣಿಸಲಾಗುತ್ತಿದೆ. ಬಂದ ಪ್ರತಿ ಪೆಟ್ಟಿಗೆಯ ದಿನಾಂಕ ಮತ್ತು ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಹಣ ಪಡೆದದ್ದನ್ನು ಹೇಳುವುದು

ಹಣ, ಉಚಿತ ವಸ್ತು, ರಿಯಾಯಿತಿ, ಪ್ರವಾಸದ ಖರ್ಚು ಇವುಗಳಲ್ಲಿ ಯಾವುದನ್ನು ಪಡೆದಿದ್ದರೂ ಅದನ್ನು ವೀಕ್ಷಕರಿಗೆ ತಿಳಿಸಲೇಬೇಕು. ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸಾಮಾಜಿಕ ಮಾಧ್ಯಮದ ಪ್ರಭಾವಿಗಳಿಗಾಗಿಯೇ 2019ರಲ್ಲಿ ಒಂದು ಕೈಪಿಡಿಯನ್ನು ಹೊರತಂದಿತು, ತನ್ನ ಮಾರ್ಗಸೂಚಿಗಳನ್ನು 2023ರಲ್ಲಿ ಪರಿಷ್ಕರಿಸಿತು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿಯ ನಿಯಮಗಳು 2021ರ ಜೂನ್‌ನಿಂದ ಜಾರಿಯಲ್ಲಿವೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಪ್ರಕಟಿಸಿತು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ನಿಯಮಗಳ ಭಾಷೆ ಬೇರೆಬೇರೆಯಾದರೂ ತಿರುಳು ಒಂದೇ: ಹೇಳಿಕೆ ಕಣ್ಣಿಗೆ ಬೀಳುವಂತಿರಬೇಕು. ಹತ್ತಾರು ಹ್ಯಾಶ್‌ಟ್ಯಾಗ್‌ಗಳ ನಡುವೆ ಹೂತಿಟ್ಟರೆ, ‘ಇನ್ನಷ್ಟು ಓದಿ’ ಎಂಬುದನ್ನು ಒತ್ತಿದ ಮೇಲಷ್ಟೇ ಕಾಣುವಂತಿದ್ದರೆ ಅದು ತಿಳಿಸಿದಂತಲ್ಲ. ಯೂಟ್ಯೂಬಿನ ಪಾವತಿ ಪ್ರಚಾರದ ಗುರುತನ್ನು ಅಥವಾ ಇನ್‌ಸ್ಟಾಗ್ರಾಂನ ಪಾಲುದಾರಿಕೆಯ ಲೇಬಲನ್ನು ಹಾಕಿ, ಅದಕ್ಕೇ ತೃಪ್ತರಾಗದೆ ವಿಡಿಯೊದ ಮೊದಲ ಅರ್ಧ ನಿಮಿಷದಲ್ಲಿಯೇ ಬಾಯಿಬಿಟ್ಟು ಹೇಳಿ: ‘ಈ ರೀಲನ್ನು ಕಂಪನಿ ನನಗೆ ಉಚಿತವಾಗಿ ಕೊಟ್ಟಿದೆ, ಈ ವಿಡಿಯೊಗೆ ಹಣವನ್ನೂ ಕೊಟ್ಟಿದೆ.’ ‘ಧನ್ಯವಾದಗಳು’ ಎಂಬ ಒಂದೇ ಪದ ಅಥವಾ ‘ಪ್ರೊ ಸ್ಟಾಫ್’ ಎಂಬ ಅಂಗಿಯ ಮೇಲಿನ ಬರಹ ಸಾಲದು, ಏಕೆಂದರೆ ಆ ಪದದ ಅರ್ಥ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆ ತಿಳಿದಿರುವುದಿಲ್ಲ.

ವಸ್ತುವನ್ನು ಪರೀಕ್ಷಿಸುವುದು, ತೋರಿಸುವುದು

ಪೆಟ್ಟಿಗೆ ಬಿಚ್ಚಿದ ದಿನವೇ ಹೊಗಳಿಕೆ ಮುಗಿಸುವ ವಿಡಿಯೊಗಳು ಈ ಕ್ಷೇತ್ರದಲ್ಲಿ ಅತಿಯಾಗಿವೆ. ಹೊಸ ರೀಲು ಯಾವುದೇ ಇರಲಿ, ಮೊದಲ ದಿನ ನುಣುಪಾಗಿಯೇ ತಿರುಗುತ್ತದೆ. ದಾರವನ್ನು ಪರೀಕ್ಷಿಸುವುದಾದರೆ ಅದನ್ನು ನೀರಿನಲ್ಲಿ ನೆನೆಸಿ, ನೀವು ನಿತ್ಯ ಹಾಕುವ ಗಂಟನ್ನೇ ಹಾಕಿ, ಡಿಜಿಟಲ್ ತಕ್ಕಡಿಗೆ ಸಿಕ್ಕಿಸಿ ತುಂಡಾಗುವವರೆಗೆ ಎಳೆಯಿರಿ, ಮತ್ತು ಇದನ್ನು ಕನಿಷ್ಠ ಹತ್ತು ಸಲ ಮಾಡಿ ಎಲ್ಲ ಅಂಕಿಗಳನ್ನೂ ತೋರಿಸಿ. ಗಂಟು ಹಾಕಿದಲ್ಲಿ ದಾರದ ಬಲ ಕುಗ್ಗುವುದರಿಂದ, ಪೆಟ್ಟಿಗೆಯ ಮೇಲಿನ ಅಂಕಿಗೂ ನಿಮ್ಮ ಅಂಕಿಗೂ ವ್ಯತ್ಯಾಸ ಬಂದರೆ ಕಂಪನಿ ಸುಳ್ಳು ಹೇಳಿದೆಯೆಂದು ಕೂಡಲೇ ಕೂಗುವುದೂ ಸರಿಯಲ್ಲ; ಗಂಟಿಲ್ಲದೆ ಸುತ್ತಿ ಎಳೆದು ಮತ್ತೊಮ್ಮೆ ಅಳೆಯಿರಿ. ರೀಲಿನ ಡ್ರ್ಯಾಗನ್ನೂ, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ನಿಧಾನವಾಗಿ ಬಿಡುವ ಬಿಗಿತವನ್ನೂ, ಇದೇ ತಕ್ಕಡಿಯಿಂದ ಅಳೆಯಬಹುದು. ಒಂದು ಋತು ಮುಗಿದ ಮೇಲೆ ಅದೇ ರೀಲನ್ನು ಬಿಚ್ಚಿ ಒಳಗಿನ ಹಲ್ಲುಚಕ್ರ ಮತ್ತು ಬೇರಿಂಗ್‌ಗಳನ್ನು ತೋರಿಸುವ ಎರಡನೆಯ ವಿಡಿಯೊವನ್ನು ಒಪ್ಪಂದದಲ್ಲಿಯೇ ಸೇರಿಸಿದರೆ ಇನ್ನೂ ಒಳ್ಳೆಯದು. ತನ್ನ ವಸ್ತುವಿನ ಮೇಲೆ ನಂಬಿಕೆಯಿರುವ ಕಂಪನಿ ಇದನ್ನು ಬೇಡವೆನ್ನುವುದಿಲ್ಲ.

ವಸ್ತು ಕೈಕೊಟ್ಟರೆ ಮೊದಲು ಕಂಪನಿಗೆ ಬರೆದು ತಿಳಿಸಿ, ಬಿಡಿಭಾಗದ ದೋಷವೋ ವಿನ್ಯಾಸದ ದೋಷವೋ ಎಂಬುದಕ್ಕೆ ಉತ್ತರಿಸಲು ಕೆಲವು ದಿನ ಕೊಡಿ. ಆಮೇಲೆ ನಡೆದದ್ದನ್ನೂ ಅವರ ಉತ್ತರವನ್ನೂ ಸೇರಿಸಿ ಹೇಳಿ. ಈ ಕೋಲು ಹಗುರ ಎರೆಗಳನ್ನು ಎಸೆಯಲು ಒಳ್ಳೆಯದು, ದಟ್ಟ ಜೊಂಡಿನಿಂದ ಮೀನನ್ನು ಎಳೆದು ತರಲು ಆಗದು ಎಂಬಂಥ ಮಾತು ಮಾರಾಟಕ್ಕೂ ಅಡ್ಡಿಯಲ್ಲ. ತಪ್ಪು ಕೋಲು ಕೊಂಡು ಹಿಂದಿರುಗಿಸುವ ಗಿರಾಕಿಯಿಂದ ಕಂಪನಿಗೆ ನಷ್ಟವೇ ಹೆಚ್ಚು.

ಮೀನಿನ ಅಳತೆಯ ವಿಷಯದಲ್ಲಿ ಈ ಹವ್ಯಾಸಕ್ಕೆ ಹಳೆಯ ಅಪಖ್ಯಾತಿ ಇದೆ. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಅಂಗೈಯಗಲದ ಮೀನನ್ನು ಮೊಸಳೆಯಷ್ಟು ಮಾಡುವ ಛಾಯಾಚಿತ್ರ ಎಲ್ಲರಿಗೂ ಗೊತ್ತು, ನಗುತ್ತಾರೆ, ಬಿಡುತ್ತಾರೆ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಈರಿ ಸರೋವರದ ಪಂದ್ಯವೊಂದರಲ್ಲಿ, ನೋಟಕ್ಕಿಂತ ಬಹಳ ಹೆಚ್ಚು ತೂಗಿದ ಮೀನುಗಳ ಹೊಟ್ಟೆ ಕೊಯ್ದಾಗ ಸೀಸದ ಗುಂಡುಗಳು ಹೊರಬಿದ್ದವು. ಅಲ್ಲಿಯೇ ಚಿತ್ರೀಕರಿಸಿದ ಆ ದೃಶ್ಯ ಜಗತ್ತಿನಾದ್ಯಂತ ಹರಡಿತು, ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಇಬ್ಬರು ಸ್ಪರ್ಧಿಗಳು ತಪ್ಪೊಪ್ಪಿಕೊಂಡರು. ಆದುದರಿಂದ ಅಳತೆಯ ಪಟ್ಟಿಯ ಮೇಲೆ ಮೀನನ್ನಿಟ್ಟು, ತಕ್ಕಡಿಯ ಅಂಕಿ ಕಾಣುವಂತೆ, ನಡುವೆ ಕತ್ತರಿಸದೆ ತೋರಿಸುವ ಅಭ್ಯಾಸ ಒಳ್ಳೆಯದು. ಇದನ್ನು ಮಾಡುವಾಗ ಕೈ ಒದ್ದೆ ಮಾಡಿಕೊಂಡು, ಮೀನನ್ನು ಅಡ್ಡಲಾಗಿ ಎರಡೂ ಕೈಗಳಿಂದ ಹಿಡಿದು, ಬೇಗ ನೀರಿಗೆ ಬಿಡಿ. ಒಣಗಿದ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ, ಅದು ಹೋದರೆ ಮೀನಿಗೆ ಸೋಂಕು ತಗಲುತ್ತದೆ. ಕ್ಯಾಮೆರಾಗಾಗಿ ಮೀನನ್ನು ನೆಲದ ಮೇಲೆ ಹೊರಳಾಡಿಸುವ ದೃಶ್ಯವನ್ನು ಅನುಭವಿ ವೀಕ್ಷಕರು ಮರೆಯುವುದಿಲ್ಲ, ಕಂಪನಿಗಳೂ ತಮ್ಮ ಲಾಂಛನ ಅದರ ಪಕ್ಕದಲ್ಲಿರುವುದನ್ನು ಬಯಸುವುದಿಲ್ಲ.

ಜಾಗದ ಗುಟ್ಟು ಇನ್ನೊಂದು ಸೂಕ್ಷ್ಮ ವಿಷಯ. ಸಣ್ಣ ಕೆರೆಯೊಂದರ ಹೆಸರನ್ನು ನೀವು ಹೇಳದಿದ್ದರೂ ಹಿಂದಿನ ಗುಡ್ಡದ ಆಕಾರ ಅಥವಾ ಸೇತುವೆಯ ಕಂಬ ಸಾಕು, ಮುಂದಿನ ವಾರ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ವರ್ಷಾನುಗಟ್ಟಲೆ ಆ ನೀರನ್ನು ಕಾಪಾಡಿಕೊಂಡು ಬಂದವರ ಸಿಟ್ಟು ನ್ಯಾಯವಾದದ್ದೇ. ದೊಡ್ಡ ಜಲಾಶಯ ಅಥವಾ ಕಡಲತೀರವಾದರೆ ಹೆಸರಿಸಬಹುದು. ಚಿಕ್ಕ ನೀರಾದರೆ ಚೌಕಟ್ಟನ್ನು ಇಳಿಸಿ ನೀರನ್ನಷ್ಟೇ ತೋರಿಸಿ, ಫೋಟೊದಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ.

ನಿಮ್ಮ ವೀಕ್ಷಕರು ಬೇರೆ ದೇಶಗಳಲ್ಲಿಯೂ ಇದ್ದರೆ ವಸ್ತುವಿನ ಕಾನೂನನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಗಾಳದ ದಾರಕ್ಕೆ ಭಾರವಾಗಿ ಕಟ್ಟುವ ಸಾಮಾನ್ಯ ಗಾತ್ರದ ಸೀಸದ ಗುಂಡುಗಳ ಮಾರಾಟಕ್ಕೆ, ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದ ಕಾರಣ, 1987ರಿಂದಲೇ ನಿಷೇಧವಿದೆ. ಜೀವಂತ ಎರೆ, ಮುಳ್ಳಿರುವ ಕೊಕ್ಕೆ, ಒಂದೇ ದಾರಕ್ಕೆ ಹಲವು ಕೊಕ್ಕೆ ಇವುಗಳ ಮೇಲೆ ನೀರಿನಿಂದ ನೀರಿಗೆ ನಿಯಮ ಬದಲಾಗುತ್ತದೆ.

ವಿಡಿಯೊ ಹೊರಬಂದು ಒಂದು ತಿಂಗಳಾದ ಮೇಲೆ ಕಂಪನಿಗೆ ಒಂದು ಪುಟದ ವರದಿ ಕಳುಹಿಸಿ: ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು, ಕೊಂಡಿಯನ್ನು ಎಷ್ಟು ಜನ ಒತ್ತಿದರು, ಪದೇಪದೇ ಬಂದ ಪ್ರಶ್ನೆಗಳು ಯಾವುವು. ಕೊನೆಯದನ್ನು ಕಂಪನಿಯ ವಿನ್ಯಾಸಕಾರರು ಆಸಕ್ತಿಯಿಂದ ಓದುತ್ತಾರೆ, ಮುಂದಿನ ಒಪ್ಪಂದಕ್ಕೆ ಅದೇ ದಾರಿಯಾಗುವುದುಂಟು. ಒಪ್ಪಂದ ಮುಗಿದಾಗ ಅವಧಿ ಮೀರಿದ ಕೂಪನ್ ಕೋಡ್‌ಗಳನ್ನು ತೆಗೆದುಹಾಕಿ, ಹಳೆಯ ವಿಡಿಯೊಗಳನ್ನು ಅಳಿಸುವ ಬದಲು ಅವುಗಳ ವಿವರಣೆಯ ಮೊದಲ ಸಾಲಿನಲ್ಲಿ, ಇದು ಇಂಥ ತಿಂಗಳಿನವರೆಗೆ ಹಣ ಪಡೆದು ಮಾಡಿದ್ದು, ಈಗ ಆ ಕಂಪನಿಯೊಂದಿಗೆ ಸಂಬಂಧವಿಲ್ಲ, ತೋರಿಸಿರುವ ಮಾದರಿ ಇಂಥದ್ದು ಎಂದು ಬರೆದಿಡಿ.